ಹತ್ತಿರದ ಕೂಗಿಗೆ ಕಿವಿಗೆಟ್ಟ ಸುರುಳಿ

ಅಮಾವಾಸ್ಯೆಯ ಬೆಳಿಗ್ಗೆ ನಾನು ಒರಳಿನ ಮುಂದೆ ಕೂತು ಹೂರಣ ರುಬ್ಬುತ್ತಿದ್ದೆ. ಮನೆಯಲ್ಲಿ ಮಿಕ್ಸಿ ಇದೆ, ಆದರೆ ಅತ್ತೆಗೆ ಒರಳಿನ ಹೂರಣವೇ ಆಗಬೇಕು. ಅರ್ಧ ನುಣ್ಣಗಾಗಿತ್ತು. ಮುಂದಿನ ಕೋಣೆಯೇ ನಮ್ಮ ಅಂಗಡಿ. ಅಲ್ಲಿಂದ ಮನೆಯವರು ಫೋನು ಕಿವಿಗೆ ಹಚ್ಚಿಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮಾತಾಡುತ್ತಿರಲಿಲ್ಲ, ಬರೀ ಕೇಳುತ್ತಿದ್ದರು. ಫೋನು ಇಳಿಸಿ, "ಹೊಸಹಳ್ಳಿ ಕಡೆ ಒಂದು ಪೆಟ್ಟಿಗಿ ಕೂಡಿಸಿದ್ದೆವಲ್ಲ, ಆ ಬಾವಿ ಹತ್ರ ಒಬ್ಬಾತನ ಕೈ ಸಿಕ್ಕೈತಂತ," ಅಂದರು.

"ಯಾವುದಕ್ಕ ಸಿಕ್ಕೈತ್ರಿ?"

"ಮೋಟರಿಗೆ. ಬಂದಾಗಿದ್ದ ಮೋಟರು ತಾನಾ ಚಾಲೂ ಆಗೈತಂತ."

ಹೂರಣ ಮೆತ್ತಿದ ಕೈಯಲ್ಲೇ ದೇವರ ಕೋಣೆಯ ಕಡೆ ತಿರುಗಿ, ಜೀವ ಒಂದು ಉಳಿಸಪ್ಪ ಎಂದೆ. ಜೀವ ಉಳಿಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಸಮಾಧಾನದ ಮಾತು ಹೆಚ್ಚಿಲ್ಲ. ಬಲಗೈ ಉಳಿಯಲಿಲ್ಲ. ಕೂಡ್ಲಿಗಿಯಲ್ಲಿ ಕಟ್ಟು ಹಾಕಿ ಬಳ್ಳಾರಿಗೆ ಒಯ್ದರು. ಅಲ್ಲಿ ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು.

ನಾವಿರುವುದು ಕೊಟ್ಟೂರಿನಲ್ಲಿ. ರೈತರು ಊರಲ್ಲಿ ಕೂತು ಹೊಲದ ಮೋಟರು ಚಾಲೂ ಮಾಡುವ, ಬಂದ್ ಮಾಡುವ ರೇಡಿಯೋ ರಿಮೋಟುಗಳನ್ನು ಮನೆಯವರು ಕೈಯಾರೆ ಮಾಡುತ್ತಾರೆ. ಈಗ ಮೊಬೈಲಿನಿಂದ ನಡೆಯುವ ಸ್ಟಾರ್ಟರುಗಳು ಬಂದಿವೆ, ನಿಜ. ಆದರೆ ಗುಡ್ಡದ ಮಗ್ಗುಲಿನ ಹೊಲಗಳಿಗೆ ಸಿಗ್ನಲ್ಲು ಮುಟ್ಟುವುದಿಲ್ಲ. ಅಂಥ ಕಡೆ ನಮ್ಮವು ನಡೆಯುತ್ತವೆ, ಸಿಡಿಲಿಗೆ ಸುಟ್ಟರೂ ಇಲ್ಲೇ ರಿಪೇರಿಯಾಗುತ್ತವೆ.

ಒಂದೊಂದು ರಿಮೋಟಿಗೆ ತನ್ನದೇ ಸ್ವರ, ಚಾಲೂ ಮಾಡಲು ಒಂದು, ಬಂದ್ ಮಾಡಲು ಇನ್ನೊಂದು. ಮೋಟರಿನ ಹತ್ತಿರ ಇಡುವ ಪೆಟ್ಟಿಗೆಯಲ್ಲಿ ಸ್ವರಕ್ಕೊಂದು ತಂತಿಯ ಸುರುಳಿ ಇರುತ್ತದೆ, ಕಾಯಿಲ್ ಅನ್ನುತ್ತೇವೆ. ಅದಕ್ಕೊಂದು ಕಂಡೆನ್ಸರ್ ಜೋಡಿಸಿದರೆ ಅವೆರಡೂ ಸೇರಿ ತಮ್ಮದೊಂದೇ ಸ್ವರಕ್ಕೆ ಮಿಡಿಯುತ್ತವೆ. ರೇಡಿಯೋದಲ್ಲಿ ಬಂದ ಸದ್ದನ್ನು ಆ ಜೋಡಿಗೆ ತಳ್ಳುವುದು ಒಂದು ಟ್ರಾನ್ಸಿಸ್ಟರ್. ತನ್ನ ಸ್ವರ ಬಂದರೆ ಜೋಡಿ ಜೋರಾಗಿ ಮಿಡಿದು ರಿಲೇ ಎಂಬ ಸ್ವಿಚ್ಚನ್ನು ಎಳೆಯುತ್ತದೆ, ಮೋಟರು ತಿರುಗುತ್ತದೆ. ಪಕ್ಕದ ಹೊಲದ ಸ್ವರ ಬಂದರೆ ಸುಮ್ಮನಿರಬೇಕು.

ಆ ಸುರುಳಿಗಳನ್ನು ಸುತ್ತುವವಳು ನಾನು. ಊಟದ ಕೆಲಸ ಮುಗಿದ ಮೇಲೆ ಹಿತ್ತಲ ಪಡಸಾಲೆಯಲ್ಲಿ ಕೂತು, ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಒಂದೊಂದು ಸುತ್ತಿಗೆ ಒಂದೊಂದು ಶಿವನಾಮ ಹೇಳಿಕೊಳ್ಳುತ್ತ ಸುತ್ತುತ್ತೇನೆ. ಸುತ್ತಿದ್ದನ್ನು ಕಪ್ಪು ಫೆರೈಟಿನ ಎರಡು ಬಟ್ಟಲುಗಳ ನಡುವೆ ಇಟ್ಟು ಬಾಯಿಗೆ ಬಾಯಿ ಕೂಡಿಸಿದರೆ ಲಿಂಗದ ಕರಡಿಗೆಯ ಹಾಗೇ ಕಾಣುತ್ತದೆ.

ಸುರುಳಿ ಎಷ್ಟು ಚೊಕ್ಕವೆಂದು ತಿಳಿಯಲು ಅಂಗಡಿಯಲ್ಲಿ ಒಂದು ಅಳತೆ ಇದೆ, ಕ್ಯೂ ಎಂದು ಅದರ ಹೆಸರು. ಮನೆಯವರು ನನಗೆ ಅದನ್ನು ಗಂಟೆಯ ಲೆಕ್ಕದಲ್ಲಿ ಹೇಳಿಕೊಟ್ಟಿದ್ದರು. ಒಳ್ಳೆಯ ಗಂಟೆ ಒಮ್ಮೆ ಬಡಿದರೆ ಬಹಳ ಹೊತ್ತು ಮೊಳಗುತ್ತದೆ, ಅದರ ಕ್ಯೂ ದೊಡ್ಡದು. ಕೈಯಿಂದ ಹಿಡಿದು ಬಡಿದರೆ ಠಕ್ ಎಂದು ಸುಮ್ಮನಾಗುತ್ತದೆ, ಕ್ಯೂ ಸಣ್ಣದು. ಕ್ಯೂ ದೊಡ್ಡದಿದ್ದಷ್ಟೂ ಸುರುಳಿ ತನ್ನ ಸ್ವರದ ಸುತ್ತ ಕಿರಿದಾದ ಜಾಗವನ್ನಷ್ಟೇ ಕೇಳುತ್ತದೆ. ಆ ಜಾಗದ ಅಗಲಕ್ಕೆ ಬ್ಯಾಂಡ್‌ವಿಡ್ತ್ ಅನ್ನುತ್ತಾರೆ. ನಾವು ಬರೀ ಅಗಲ ಅನ್ನುತ್ತೇವೆ. ಆ ಬಾವಿಯ ಪೆಟ್ಟಿಗೆಯ ಚಾಲೂ ಸ್ವರ ಸೆಕೆಂಡಿಗೆ ಎರಡು ಸಾವಿರ ಮಿಡಿತ, ಪಕ್ಕದ ಹೊಲದ್ದು ಎರಡು ಸಾವಿರದ ಇನ್ನೂರು. ನಮ್ಮ ಸುರುಳಿಯ ಅಗಲ ಐವತ್ತು. ಅಂದರೆ ಕ್ಯೂ ನಲವತ್ತು. ಇನ್ನೂರರಷ್ಟು ದೂರದ ಸ್ವರ ಅದಕ್ಕೆ ಕೇಳುವ ಮಾತೇ ಇಲ್ಲ ಎಂದು ನಾವು ನಂಬಿದ್ದೆವು.

ಬಾವಿಯ ಹತ್ತಿರ ನಡೆದದ್ದು ಹೀಗೆ. ಅದು ಹಳೆಯ ಬಾವಿ. ದಂಡೆಯ ಮೇಲೆ ಮೋಟರು, ಪಕ್ಕದಲ್ಲಿ ಪಂಪು, ನಡುವೆ ಎರಡನ್ನೂ ಕೂಡಿಸುವ ಕಪ್ಲಿಂಗ್. ಪಂಪಿನಲ್ಲಿ ನೀರು ಸೋರುತ್ತದೆಂದು ಹೊಲದ ಯಜಮಾನರು ಪಂಪಿನ ಕೆಲಸದವನೊಬ್ಬನನ್ನು ಕರೆಸಿದ್ದರು. ಆತ ಸೋರಿಕೆ ನಿಲ್ಲಿಸಲು ಶಾಫ್ಟಿನ ಸುತ್ತ ಗ್ರೀಸು ಹಚ್ಚಿದ ದಾರ ಸುತ್ತುವವನಿದ್ದ. ಫ್ಯೂಜು ಕೀಳಲೇನು ಎಂದು ಕೇಳಿದನಂತೆ. ಯಜಮಾನರು ಅಂಗಿಯ ಬಕ್ಕಣ ಮುಟ್ಟಿ ತೋರಿಸಿ, "ರಿಮೋಟು ನನ್ನ ಹಂತೇಕ ಐತಿ. ನಾ ಒತ್ತಲಾರದ ಅದು ತಿರುಗಾದಿಲ್ಲ, ನೀ ಮಾಡು," ಅಂದು ಎತ್ತುಗಳ ಕಡೆ ಹೋದರಂತೆ. ನಮ್ಮ ಪೆಟ್ಟಿಗೆಯ ಮೇಲೆ ಅವರಿಗೆ ಅಷ್ಟು ನಂಬಿಕೆ.

ಅದೇ ಹೊತ್ತಿಗೆ ಪಕ್ಕದ ಹೊಲದ ಅಕ್ಕ ಎಡೆ ತಂದಿದ್ದರು. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾವೇ ಮಾಡುವವರು. ಎರಡೂ ಹೊಲಗಳ ನಡುವಿನ ಬದುವಿನ ಮೇಲೆ ಬಸವಣ್ಣನ ಕಲ್ಲಿದೆ, ಯಜಮಾನರ ಮೋಟರಿಗೆ ಹತ್ತೇ ಮಾರು. ಆ ಕಡೆಯ ರೈತರು ಅಮಾವಾಸ್ಯೆಯ ದಿನ ಮನೆಯಿಂದ ಮೋಟರು ಚಾಲೂ ಮಾಡುವುದಿಲ್ಲ. ರಿಮೋಟನ್ನು ಹೊಲಕ್ಕೆ ಒಯ್ದು, ಬಸವಣ್ಣನ ಮುಂದಿಟ್ಟು ವಿಭೂತಿ ಹಚ್ಚಿ, ಕಾಯಿ ಒಡೆದು, ಅಲ್ಲೇ ನಿಂತು ಒತ್ತುತ್ತಾರೆ. ಆ ತಿಂಗಳ ಮೊದಲ ನೀರು ಬಸವಣ್ಣನ ಹೆಸರಿಗೆ. ಅಕ್ಕನೂ ಹಾಗೇ ಮಾಡಿದರು. ಆಚೆ ದೂರದಲ್ಲಿ ಅವರ ಮೋಟರು ಸದ್ದು ಮಾಡಿತು, ಈಚೆ ಆತ ಚೀರಿಕೊಂಡ.

ಕಲ್ಲಿನ ಹತ್ತಿರ ಇದ್ದವರು ಅವರೊಬ್ಬರೇ. ಬದುವಿನ ಸಲುವಾಗಿ ಎರಡು ಹೊಲಗಳಿಗೂ ಮೊದಲಿನಿಂದ ಮಾತುಕತೆ ಇರಲಿಲ್ಲ. ಗಾಯಗೊಂಡವನ ಹೆಂಡತಿ ಠಾಣೆಯಲ್ಲಿ ಹೇಳಿದಳು: ಯಜಮಾನನ ಮ್ಯಾಲಿನ ಸಿಟ್ಟಿಗೆ ಆಕೀನ ಬಂದು ಸ್ಟಾರ್ಟರಿನ ಹಸಿರು ಬಟನ್ನು ಒತ್ಯಾಳ.

ಮರುದಿನ ಠಾಣೆಯ ಸಾಹೇಬರು ನಮ್ಮ ಅಂಗಡಿಗೆ ಬಂದರು. ಬಾವಿಯ ಪೆಟ್ಟಿಗೆ, ಯಜಮಾನರ ರಿಮೋಟು, ಅಕ್ಕನ ರಿಮೋಟು ಮೂರನ್ನೂ ಮೇಜಿನ ಮೇಲಿಟ್ಟರು.

"ಆ ಹೆಣ್ಮಗಳು ತನ್ನ ರಿಮೋಟು ಒತ್ತೀನಿ, ಬ್ಯಾರೆ ಏನೂ ಮುಟ್ಟಿಲ್ಲ ಅಂತಾಳ. ಆಕಿ ರಿಮೋಟಿಗೆ ಈ ಪೆಟ್ಟಿಗಿ ಕೇಳತೈತೇನು? ನೋಡಿ ಹೇಳ್ರಿ."

ಮನೆಯವರು ಯಾವತ್ತಿನ ಹಾಗೆ ಪರೀಕ್ಷೆ ಮಾಡಿದರು. ರಿಮೋಟಿನ ಬಟನ್ನಿಗೆ ರಬ್ಬರ್ ಬ್ಯಾಂಡು ಬಿಗಿದು, ಒತ್ತಿದ ಹಾಗೇ ಇಟ್ಟು, ಸ್ಟೀಲಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿ, ಆಮೇಲೆ ಪೆಟ್ಟಿಗೆಗೆ ಕರೆಂಟು ಕೊಟ್ಟರು. ಡಬ್ಬಿ ನನ್ನ ಅಡುಗೆಮನೆಯದು. ಅಂಗಡಿ ಸಣ್ಣದು. ಅಷ್ಟು ಹತ್ತಿರದಿಂದ ಒತ್ತಿದರೆ ಮೀಟರಿನ ಮುಳ್ಳು ಹೋಗಿ ಕೊನೆಗೆ ಬಡಿಯುತ್ತದೆ, ಅಳೆಯಲು ಬರುವುದಿಲ್ಲ. ಡಬ್ಬಿಯಲ್ಲಿ ಮುಚ್ಚಿದರೆ ಹೊಲದಷ್ಟು ದೂರದಿಂದ ಬಂದ ಹಾಗೆ ಸಣ್ಣಗೆ ಕೇಳುತ್ತದೆ. ಯಜಮಾನರ ರಿಮೋಟು ಡಬ್ಬಿಯಲ್ಲಿದ್ದಾಗ ರಿಲೇ ಟಕ್ ಅಂದಿತು. ಅಕ್ಕನದನ್ನು ಇಟ್ಟಾಗ ಏನೂ ಆಗಲಿಲ್ಲ. ಮೂರು ಸಲ ನೋಡಿದರು.

"ಇಲ್ಲ ಸಾರ್. ಆಕಿ ರಿಮೋಟಿಗೆ ಇದು ಕೇಳಾದಿಲ್ಲ."

"ಹಂಗಾರ ಆಕಿ ಸುಳ್ಳು ಹೇಳ್ತಾಳ," ಎಂದರು ಸಾಹೇಬರು. "ಇದನ್ನ ನೀವು ಬರೆದು ಕೊಡಬೇಕಾಗತೈತಿ. ಇನ್ನೊಮ್ಮಿ ಸಮಾಧಾನದಲೇ ನೋಡಿ ಬರೀರಿ, ಬಂದು ಒಯ್ತೀನಿ."

ಸಾಹೇಬರು ಹೋದ ಮೇಲೆ ಮನೆಯವರು ದೀರ್ಘವಾಗಿ ಉಸಿರು ಬಿಟ್ಟರು. ನನಗೂ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಪೆಟ್ಟಿಗೆಯದು ತಪ್ಪಿಲ್ಲ ಎಂಬುದಷ್ಟೇ ಆ ಹೊತ್ತಿಗೆ ತಲೆಯಲ್ಲಿ ಉಳಿಯಿತು.

ಅದು ಹೆಚ್ಚು ದಿನ ಉಳಿಯಲಿಲ್ಲ. ಅಕ್ಕ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ಒಳಗೆ ಬರ್ರಿ ಅಂದರೂ ಹೊಸ್ತಿಲ ಹೊರಗೇ ಕೂತರು.

"ತಂಗೀ, ನಿಮ್ಮ ಮನಿಯಾತ ಹೇಳ್ಯಾರಂತ, ನನ್ನ ರಿಮೋಟಿಗೆ ಅದು ಕೇಳಾದಿಲ್ಲ ಅಂತ."

"ನೋಡ್ಯಾರಕ್ಕ. ಮೂರು ಸಲ ನೋಡ್ಯಾರ."

"ನೋಡಿರಬೇಕು. ನಾನೂ ಒತ್ತಿದ್ದು ನನ್ನ ಬಟನ್ನ. ಬಸವಣ್ಣನ ಮುಂದ ನಿಂತು ಒತ್ತೀನಿ. ಆ ಸ್ಟಾರ್ಟರಿನ ಮಗ್ಗಲಿಗೂ ಹೋಗಿಲ್ಲ. ಈಗ ಊರಾಗ ನಳದ ಹತ್ರ ನಾ ಹೋದ್ರ ಎಲ್ಲಾರೂ ಕೊಡ ಎತ್ತಿಕೊಂಡು ಹೋಗ್ತಾರ. ಮನ್ಯಾಗ ಸೊಸಿಗೆ ದಿನ ತುಂಬ್ಯಾವ, ನಾ ಜೈಲಿಗೆ ಹೋದ್ರ ಹುಟ್ಟೋ ಕೂಸಿಗೆ ನೀರೆರೆಯೋರು ಯಾರು?"

ಮಜ್ಜಿಗೆ ಕೊಟ್ಟೆ. ಕುಡಿಯಲಿಲ್ಲ. ಎದ್ದು ಹೋಗುವಾಗ, "ನೀನು ಲಿಂಗ ಕಟ್ಟಿದಾಕಿ. ನಾ ಸುಳ್ಳು ಹೇಳಾಕಿ ಅನಸಿದ್ರ ಅನಸಲಿ, ಇನ್ನೊಮ್ಮಿ ನೋಡಸು," ಅಂದರು.

ನನಗೆ ಮೊದಲು ಹುಟ್ಟಿದ ಭಯ ನನ್ನ ಸುರುಳಿಯದೇ. ಎಲ್ಲೋ ತಂತಿಯ ವಾರ್ನಿಷು ಕೆರೆದು ಸುತ್ತು ಸುತ್ತಿಗೆ ತಾಗಿದ್ದರೆ ಕ್ಯೂ ಬೀಳುತ್ತದೆ, ಅಗಲ ಹೆಚ್ಚುತ್ತದೆ. ಮನೆಯವರು ಸುರುಳಿಯನ್ನು ಬಿಚ್ಚಿ ಬೇರೆಯಾಗಿ ಅಳೆದರು. ಸ್ವರ ಕೊಡುವ ಯಂತ್ರವನ್ನು ಮೆಲ್ಲಗೆ ತಿರುಗಿಸುತ್ತ ಮೀಟರಿನ ಮುಳ್ಳು ಎಲ್ಲಿ ಅತಿ ಮೇಲೇರುತ್ತದೆಂದು ಗುರುತು ಹಾಕಿಕೊಳ್ಳುವುದು, ಆಮೇಲೆ ಎಡಕ್ಕೂ ಬಲಕ್ಕೂ ಮುಳ್ಳು ಹತ್ತರಲ್ಲಿ ಏಳು ಭಾಗಕ್ಕೆ ಇಳಿಯುವ ತನಕ ತಿರುಗಿಸಿ, ಆ ಎರಡರ ನಡುವಿನ ಅಂತರ ನೋಡುವುದು. ಅದೇ ಅಗಲ. ಸರಿಯಾಗೇ ಇತ್ತು. ಮತ್ತೆ ಜೋಡಿಸಿ ಟ್ರಾನ್ಸಿಸ್ಟರಿನ ಸಮೇತ ಅಳೆದರು. ಐವತ್ತೇ.

ಬಿಸಿಲಿಗೆ ಸ್ವರ ಸರಿದಿರಬಹುದೇ ಎಂದು ಪೆಟ್ಟಿಗೆಯನ್ನು ಮಾಳಿಗೆಯ ಮೇಲೆ ನಾನು ಹಪ್ಪಳ ಹರವಿದ್ದ ಸೀರೆಯ ಪಕ್ಕ ಮಧ್ಯಾಹ್ನವಿಡೀ ಇಟ್ಟೆವು. ಸ್ವಲ್ಪ ಸರಿಯಿತು, ಆದರೆ ಇನ್ನೂರು ದಾಟುವಷ್ಟಲ್ಲ. ಬಾವಿಯ ತೇವ ಇರಬಹುದೆಂದು ಬಚ್ಚಲಲ್ಲಿ ನೀರು ಕಾಯಿಸುವ ಹಂಡೆಯ ಮೇಲೆ ತೂಗುಹಾಕಿದೆವು. ಅತ್ತೆ, "ಮೋಟರಿಗೆ ಬಾಣಂತನ ಮಾಡಾಕತ್ತೀರೇನು," ಎಂದು ನಗಾಡಿದರು. ಯಾವುದಕ್ಕೂ ಪೆಟ್ಟಿಗೆ ಜಗ್ಗಲಿಲ್ಲ. ಪ್ರತಿ ಸಲವೂ ಡಬ್ಬಿಯೊಳಗಿನ ಅಕ್ಕನ ರಿಮೋಟಿಗೆ ಅದು ಮೌನ.

"ಬರೆದು ಕೊಟ್ಟುಬಿಡ್ತೀನಿ," ಎಂದರು ಮನೆಯವರು. "ಇನ್ನೇನು ನೋಡಾದೈತಿ?"

ನಾನು ಪೆಟ್ಟಿಗೆಯ ಮೈಮೇಲಿನ ತೇವವನ್ನು ಸೆರಗಿನಿಂದ ಒರೆಸಿದೆ.

ಮರುದಿನ ಮನೆಯವರು ಹಗರಿಬೊಮ್ಮನಹಳ್ಳಿಗೆ ಯಾವುದೋ ಸಾಮಾನು ತರಲು ಹೋಗಿದ್ದರು. ಅತ್ತೆ ಒಗ್ಗರಣೆಯ ಮಂಡಕ್ಕಿ ಮಾಡಿಟ್ಟು, ತುಂಬಿಡಲು ಆ ಡಬ್ಬಿಯನ್ನೇ ಕೇಳಿದರು. ಅಂಗಡಿಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಅಕ್ಕನ ರಿಮೋಟು ರಬ್ಬರ್ ಬ್ಯಾಂಡು ಬಿಗಿದ ಹಾಗೇ ಇತ್ತು. ಪೆಟ್ಟಿಗೆಗೆ ಕರೆಂಟು ಇತ್ತು, ಬಂದ್ ಮಾಡುವುದನ್ನು ಮನೆಯವರು ಮರೆತಿದ್ದರು. ರಿಮೋಟನ್ನು ಎತ್ತಿ ಮೇಜಿನ ಮೇಲಿಟ್ಟೆ.

ರಿಲೇ ಟಕ್ ಅಂದಿತು.

ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಗೇ ನಿಂತೆ. ರಿಮೋಟನ್ನು ತಿರುಗಿ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ರಿಲೇ ಬಿಟ್ಟಿತು. ತೆಗೆದೆ, ಹಿಡಿಯಿತು. ರಿಮೋಟು ಹಿಡಿದುಕೊಂಡು ಒಳಗೆ ನಡೆದೆ. ಪಡಸಾಲೆಯಲ್ಲಿ ಹಿಡಿದೇ ಇತ್ತು. ಹಿತ್ತಲು ದಾಟಿ ಬೇವಿನ ಗಿಡದ ತನಕ ಹೋದಾಗ ಬಿಟ್ಟಿತೆಂದು, ಡಬ್ಬಿಗಾಗಿ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ ಅತ್ತೆ ಕೂಗಿ ಹೇಳಿದರು. ದೂರದಿಂದ ಬೇರೆಯವರ ಮಾತು ಕೇಳದ ಪೆಟ್ಟಿಗೆ ಹತ್ತಿರದಿಂದ ಕೇಳುತ್ತಿತ್ತು. ನಾವು ಒಂದು ದಿನವೂ ಹತ್ತಿರದಿಂದ ನೋಡಿರಲಿಲ್ಲ. ಡಬ್ಬಿ ಇತ್ತಲ್ಲ.

"ಏನಾತು?" ಎಂದರು ಅತ್ತೆ.

"ಆ ಅಕ್ಕ ಸುಳ್ಳು ಹೇಳಿಲ್ಲತ್ತಿ."

ಮನೆಯವರು ಬಂದ ಮೇಲೆ ತೋರಿಸಿದೆ. ಅವರು ಚೀಲವನ್ನೂ ಇಳಿಸದೆ ನೋಡಿದರು. ಆಮೇಲೆ ಕೂತು ಸ್ವರದ ಯಂತ್ರದ ಜೋರನ್ನು ಏರಿಸುತ್ತ ಏರಿಸುತ್ತ ಅಳೆದರು. ಸದ್ದು ಸಣ್ಣದಿರುವ ತನಕ ಅಗಲ ಐವತ್ತು. ಒಂದು ಮಟ್ಟ ದಾಟಿದ್ದೇ ನೂರಾಯಿತು, ಇನ್ನೂರಾಯಿತು, ಕೊನೆಗೆ ನಾನೂರರ ಹತ್ತಿರ ಹೋಯಿತು. ಕ್ಯೂ ನಲವತ್ತಿದ್ದದ್ದು ಐದಕ್ಕೆ ಬಿದ್ದಿತ್ತು.

"ತಪ್ಪು ನಿನ್ನ ಕಾಯಿಲಿಂದಲ್ಲ," ಎಂದರು. "ಟ್ರಾನ್ಸಿಸ್ಟರಿಂದು. ಸದ್ದು ಸಣ್ಣದಿದ್ದಾಗ ಅದು ಕಾಯಿಲನ್ನ ದೂರ ನಿಂತು ತಳ್ಳತೈತಿ, ಮೈ ತಾಗಸಾದಿಲ್ಲ. ಸದ್ದು ವಿಪರೀತ ಆದ್ರ ಪೂರಾ ತೆರಕೊಂಡು ಕಾಯಿಲಿನ ಮ್ಯಾಲೇ ಬೀಳತೈತಿ. ಗಂಟಿ ಬಡಿಯೋ ಕೈ ಗಂಟಿನ ಹಿಡಕೊಂಡಂಗ. ಆಮ್ಯಾಲೆ ಕಾಯಿಲಿಗೆ ತನ್ನ ಸ್ವರ ಯಾವುದು, ಮಂದಿದು ಯಾವುದು ಗೊತ್ತಾಗಾದಿಲ್ಲ. ಕಿವ್ಯಾಗ ಕೂಗಿದಷ್ಟು ಜೋರು ಐತಿ, ರಿಲೇ ಎಳದುಬಿಡತೈತಿ. ಹಿಂದಿನ ಅಮಾಸಿಗೆಲ್ಲ ಅಷ್ಟೊತ್ತಿಗೆ ಯಜಮಾನರ ಮೋಟರೂ ತಿರಗತಿರಬೇಕು, ಅದಕ್ಕ ಯಾರಿಗೂ ಗೊತ್ತಾಗಿಲ್ಲ."

ಸುರುಳಿ ಕೆಡದಿದ್ದಕ್ಕೆ ನಾನು ಶಿವನನ್ನು ನೆನೆದೆ. ಮರುಕ್ಷಣ ನಾಚಿಕೆಯಾಯಿತು. ಕೈ ಹೋದವನಿಗೆ ಅದು ಯಾರ ಭಾಗದಿಂದ ಹೋಯಿತೆಂಬುದರಲ್ಲಿ ಏನಿದೆ.

"ಮೊದಲು ಎಲ್ಲಾರಿಗೂ ಫೋನ್ ಮಾಡ್ರಿ," ಎಂದೆ. "ಫ್ಯೂಜು ಕೀಳಲಾರದ ಯಾರೂ ಮೋಟರು ಮುಟ್ಟಬ್ಯಾಡ್ರಿ ಅಂತ ಹೇಳ್ರಿ." ಅದನ್ನು ಅವರು ಆ ಸಂಜೆಯೇ ಮಾಡಿದರು. ಹಡಗಲಿ ಕಡೆಯವರಿಗೆ, ಹರಪನಹಳ್ಳಿಯ ಆಚೆ ನೀಲಗುಂದದ ಕಡೆಯವರಿಗೆ, ಎಲ್ಲರಿಗೂ. ಯಾಕೆ ಎಂದು ಕೇಳಿದವರಿಗೆ, ಸಣ್ಣ ರಿಪೇರಿ ಐತಿ ಅಂದರು.

"ಸಾಹೇಬರಿಗೆ?"

"ರಿಪೇರಿ ಕಂಡುಹಿಡಿದು ಹೇಳೋಣು. ಬರೇ ಕೆಟ್ಟೈತಿ ಅಂತ ಹೋಗಿ ಹೇಳಿದ್ರ ಅಂಗಡಿ ಮುಚ್ಚಸ್ತಾರ. ಹಿಂಗ ಆಗಿತ್ತು, ಹಿಂಗ ಸರಿ ಮಾಡೀವಿ ಅಂದ್ರ ಒಂದು ಮಾತು."

ಆ ಮಾತಿನಲ್ಲಿ ನ್ಯಾಯ ಇತ್ತು, ಒಪ್ಪಿದೆ. ಆದರೆ ರಿಪೇರಿ ನಾವು ಅಂದುಕೊಂಡಷ್ಟು ಬೇಗ ಸಿಗಲಿಲ್ಲ. ಮೊದಲು ಟ್ರಾನ್ಸಿಸ್ಟರಿನ ಕಾಲಿಗೆ ಒಂದು ರೆಸಿಸ್ಟರ್ ಹಾಕಿ ಅದರ ಜೋರು ಕಡಿಮೆ ಮಾಡಿದರು. ಹತ್ತಿರದ ಕೂಗಿಗೆ ಸ್ವಲ್ಪ ತಡೆಯಿತು, ದೂರದ ಸ್ವರ ಮಾತ್ರ ಕೇಳದಂತಾಯಿತು. ಊರಿಂದ ಒತ್ತಿದರೆ ಮೋಟರು ತಿರುಗದಿದ್ದರೆ ಆ ಪೆಟ್ಟಿಗೆ ಯಾತಕ್ಕೆ. ಆಮೇಲೆ ಟ್ರಾನ್ಸಿಸ್ಟರನ್ನು ಸುರುಳಿಯ ತುದಿಗೆ ಕೊಡುವ ಬದಲು ನಡುವೆ ಎಲ್ಲಾದರೂ ಕೊಡೋಣ, ಅದರ ಭಾರ ಕಡಿಮೆ ತಾಗುತ್ತದೆ ಎಂದರು. ನಾನು ಹೊಸ ಸುರುಳಿ ಸುತ್ತಿದೆ. ಕಾಲು ಭಾಗ ಸುತ್ತಾದ ಮೇಲೆ ತಂತಿಯನ್ನು ಮಡಿಚಿ, ಹೊರಗೆ ಎಳೆದು ಒಂದು ಕಿವಿ ಮಾಡಿ, ಮುಂದೆ ಸುತ್ತಿದೆ. ಮೊದಲೆರಡು ಸಲ ಆ ಮಡಿಕೆಯಲ್ಲೇ ತಂತಿ ಹರಿಯಿತು. ಮೂರನೆಯದು ನಿಂತಿತು. ಅದರಲ್ಲಿ ಕ್ಯೂ ಎಷ್ಟು ಏರಿತೆಂದರೆ ಅಗಲ ತೀರ ಕಿರಿದಾಗಿ, ಬಿಸಿಲಿಗೆ ರಿಮೋಟಿನ ಸ್ವರ ಕೂದಲೆಳೆ ಸರಿದರೂ ಪೆಟ್ಟಿಗೆಗೆ ತನ್ನ ಸ್ವರವೇ ಕೇಳದು. ಬಂದ್ ಮಾಡುವ ಸ್ವರಕ್ಕೂ ಅಂಥದೇ ಸುರುಳಿ. ಬಂದ್ ಒತ್ತಿದರೆ ಬಂದಾಗದ ಮೋಟರು ಇನ್ನೊಂದು ಗಂಡಾಂತರ.

ಹೀಗೆ ನಾವು ಅಗಲವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಕೂತಿರುವಾಗ ಸಾಹೇಬರ ಫೋನು ಬಂತು. ನಾಳೆ ಆ ಹೆಣ್ಣುಮಗಳನ್ನು ಕರೆಸುತ್ತೇವೆ, ನಿಮ್ಮ ಬರಹ ತಯಾರಿರಲಿ ಎಂದರು. ಮನೆಯವರು "ಆತ್ರಿ ಸಾರ್" ಅಂದರು. ಅಷ್ಟಕ್ಕೇ ಫೋನು ಇಟ್ಟರು.

ನಾನು ಬೆಸುಗೆಯ ಕಡ್ಡಿಯ ವೈರು ಕಿತ್ತೆ.

"ನಡೀರಿ, ಈಗ ಹೋಗಿ ಹೇಳೋಣು."

"ಇನ್ನ ಎರಡು ದಿನ. ರಿಪೇರಿ ಕೈಗೆ ಬಂದೈತಿ."

"ರಿಪೇರಿ ಪೆಟ್ಟಿಗಿಗೆ ಕಾಯತೈತ್ರಿ. ಆ ಅಕ್ಕನ್ನ ನಾಳೆ ಕರೆಸ್ತಾರ."

"ನಿನಗ ಅರ್ಥ ಆಗ್ತೈತೇನಲೇ? ಆಕಿ ಹೆಸರು ತೆಗದು ನನ್ನ ಹೆಸರು ಹಾಕ್ತಾರ."

"ಆಗ್ತೈತಿ."

"ನಾ ಒಳಗ ಹೋದ್ರ?"

"ಬುತ್ತಿ ತರ್ತೀನಿ," ಎಂದೆ. "ಬಸವಣ್ಣನ ಮುಂದ ನಿಂತು ಒತ್ತಿದಾಕಿನ್ನ ಸುಳ್ಳಿ ಮಾಡಿ, ನಾ ನಾಳೆ ಯಾವ ಮುಖ ಇಟ್ಟುಕೊಂಡು ಪೂಜಿಗೆ ಕುಂದರ್ಲಿ? ನೀವು ಬರಲಿಲ್ಲಂದ್ರ ನಾ ಒಬ್ಬಾಕೀನ ಹೋಗ್ತೀನಿ. ಆದ್ರ ನನಗ ಟ್ರಾನ್ಸಿಸ್ಟರಿನ ಮಾತು ಬಿಡಿಸಿ ಹೇಳಾಕ ಬರಾದಿಲ್ಲ."

ಅವರು ಎದ್ದು ಅಂಗಿ ಹಾಕಿಕೊಂಡರು.

ಸಾಹೇಬರು ನಂಬಲಿಲ್ಲ. ಮೊನ್ನೆ ಇಲ್ಲ ಅಂದಿರಿ, ಇವತ್ತು ಹೌದು ಅಂತೀರಿ, ಆಕೆಯ ಕಡೆಯಿಂದ ಏನಾದರೂ ಬಂತೇ ಎಂದು ಕೇಳಿದರು. ಮನೆಯವರು, "ಬಾವಿಗೇ ಹೋಗಿ ನೋಡೋಣ ಸಾರ್," ಎಂದರು.

ಮರುದಿನ ಬೆಳಿಗ್ಗೆ ಎಲ್ಲರೂ ಬಾವಿಯ ಹತ್ತಿರ ಸೇರಿದೆವು. ಸಾಹೇಬರು, ಹೊಲದ ಯಜಮಾನರು, ಅಕ್ಕ, ಬಳ್ಳಾರಿಯಿಂದ ಬಂದಿದ್ದ ಗಾಯಗೊಂಡವನ ಹೆಂಡತಿ. ಹಳೆಯ ಪೆಟ್ಟಿಗೆಯನ್ನು ಅದು ಇದ್ದಲ್ಲೇ, ಇದ್ದ ಹಾಗೇ ಕೂಡಿಸಿ, ಯಜಮಾನರ ರಿಮೋಟನ್ನು ಅವರ ಕೈಗೇ ಕೊಟ್ಟೆವು. ಮೋಟರಿನ ಸುತ್ತ ಹಗ್ಗ ಕಟ್ಟಿ ಯಾರೂ ಹತ್ತಿರ ಹೋಗದಂತೆ ಮಾಡಿ, ಎಲ್ಲರನ್ನೂ ಎಣಿಸಿ, ಆಮೇಲೆ ಮನೆಯವರು ಫ್ಯೂಜು ಹಾಕಿದರು. ಕಪ್ಲಿಂಗಿನ ಮೇಲೆ ಕಪ್ಪು ಕಲೆ ಹಾಗೇ ಇತ್ತು.

ಸಾಹೇಬರು ರಿಮೋಟನ್ನು ಅಕ್ಕನ ಮುಂದೆ ಹಿಡಿದು, "ಅವತ್ತು ನಿಂತಲ್ಲೇ ನಿಂತು ಒತ್ತಮ್ಮ," ಎಂದರು.

ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನಾ ಅದನ್ನ ಮುಟ್ಟಾಕಿಲ್ರಿ."

"ಮುಟ್ಟಲಿಲ್ಲಂದ್ರ ಹ್ಯಾಂಗ ಗೊತ್ತಾಗಬೇಕು?"

"ಗೊತ್ತಾಗದಿದ್ರೂ ಚಿಂತಿಲ್ಲ."

ನಾನು ತೆಗೆದುಕೊಂಡೆ. ಬಸವಣ್ಣನ ಕಲ್ಲಿಗೆ ಕೈ ಮುಗಿದು, ಅದರ ಪಕ್ಕ ನಿಂತು ಒತ್ತಿದೆ. ಸ್ಟಾರ್ಟರು ಧಡ್ ಎಂದು ಬಿತ್ತು. ಮೋಟರು ತಿರುಗಿತು. ಅದೇ ಗಳಿಗೆಗೆ ಆಚೆ ಹೊಲದಲ್ಲೂ ತಿರುಗಿತು. ಯಜಮಾನರು ಬಕ್ಕಣಕ್ಕೆ ಕೈ ಹಾಕಿ ತಮ್ಮ ರಿಮೋಟನ್ನು ತೆಗೆದು ನೋಡಿದರು, ಮತ್ತೆ ಇಟ್ಟುಕೊಂಡರು. ಗಾಯಗೊಂಡವನ ಹೆಂಡತಿ ಬದುವಿನ ಮೇಲೆ ಕುಸಿದು ಕೂತಳು.

"ಹಂಗಾರ ಇಷ್ಟು ದಿನ ನಾ ಯಾರಿಗೆ ಶಾಪ ಹಾಕಿದೆ," ಎಂದಳು. ಯಾರನ್ನೂ ಕೇಳಿದ್ದಲ್ಲ.

ಮನೆಯವರು ಹೋಗಿ ಫ್ಯೂಜು ಕಿತ್ತರು. ಬಂದು ಆಕೆಯ ಮುಂದೆ ನಿಂತು, "ಪೆಟ್ಟಿಗಿ ನಂದು, ತಂಗೀ," ಎಂದರು. ಆಕೆ ತಲೆ ಎತ್ತಿ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮನೆಯವರು ಆಮೇಲೆ ಬಸ್ಸಿನಲ್ಲಿ ಹೇಳಿದರು.

ಅಕ್ಕನ ಹೆಸರು ಹೋಯಿತು, ಮನೆಯವರ ಹೆಸರು ಬಂತು. ಒಳಗೆ ಇಡಲಿಲ್ಲ. ಕರೆದಾಗ ಕೂಡ್ಲಿಗಿಗೆ ಬರಬೇಕೆಂದು ಹೇಳಿ ಬಿಟ್ಟರು. ಅಷ್ಟನ್ನು ಶಿವ ಕೊಟ್ಟ. ರಿಪೇರಿಯೂ ಕೊನೆಗೆ ಸಿಕ್ಕಿತು. ಸುರುಳಿಯ ಕಿವಿಯನ್ನು ಕಾಲು ಭಾಗದಿಂದ ಅರ್ಧಕ್ಕೆ ಸರಿಸಿದೆವು, ಅಗಲ ಹದಕ್ಕೆ ಬಂತು. ಟ್ರಾನ್ಸಿಸ್ಟರಿಗೂ ಮುಂಚೆ ಎರಡು ಡಯೋಡುಗಳನ್ನು ಎದುರುಬದುರು ಕೂಡಿಸಿದರು. ಎಷ್ಟೇ ಜೋರಿನ ಸದ್ದು ಬಂದರೂ ಅಲ್ಲೇ ತಲೆ ಕತ್ತರಿಸಿ ಒಂದೇ ಮಟ್ಟಕ್ಕೆ ಒಳಗೆ ಬಿಡುತ್ತವೆ. ಈಗ ಡಬ್ಬಿಯೊಳಗೂ ನೋಡುತ್ತೇವೆ, ಪೆಟ್ಟಿಗೆಯ ಮೈಗೆ ರಿಮೋಟು ಹಚ್ಚಿಯೂ ನೋಡುತ್ತೇವೆ. ಕೊಟ್ಟ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ವಾಪಸು ತಂದು ಬದಲಿಸಿದೆವು. ಹಡಗಲಿಯ ಕಡೆಯ ಒಬ್ಬರು, "ಚೊಲೋ ನಡದೈತಿ, ಯಾಕ ಬಿಚ್ಚತೀರಿ," ಎಂದು ಕೊಡಲೇ ಇಲ್ಲ. ಮೂರು ಸಲ ಹೋಗಿ, ಕೈಯ ಕಥೆ ಹೇಳಿದ ಮೇಲೆ ಕೊಟ್ಟರು.

ಕೈಯ ಕಥೆಗೆ ಮಾತ್ರ ರಿಪೇರಿ ಇಲ್ಲ. ಬಳ್ಳಾರಿಯ ಆಸ್ಪತ್ರೆಗೆ ಹೋದಾಗ ಆತ ಎಡಗೈಯಲ್ಲಿ ಚಮಚೆ ಹಿಡಿದು ಗಂಜಿ ಕುಡಿಯುತ್ತಿದ್ದ. ನಾನು ಒಯ್ದ ಪ್ರಸಾದವನ್ನು ತೆಗೆದುಕೊಳ್ಳಲು ಬಲತೋಳನ್ನೇ ಮುಂದೆ ಚಾಚಿದ, ನೆನಪಾಗಿ ಹಿಂದಕ್ಕೆ ಎಳೆದುಕೊಂಡ. ಮನೆಯವರನ್ನು, "ಯಾತಕ್ಕಣ್ಣ ಹಂಗಾತು?" ಎಂದು ಕೇಳಿದ. ಮನೆಯವರು ಗಂಟೆಯ ಲೆಕ್ಕದಲ್ಲಿ ಹೇಳಿದರು. ಆತ ಪೂರಾ ಕೇಳಿ, "ಫ್ಯೂಜು ಕೀಳಬೇಕಿತ್ತು ನಾನು," ಎಂದ. ಆ ಮಾತು ಕೇಳಿದ ಮೇಲೆ ಮನೆಯವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಮೊನ್ನೆ ಸಂಜೆ ಅಕ್ಕ ಬಂದರು. ಈ ಸಲ ಒಳಗೆ ಬಂದು ಕೂತು, ಸೆರಗಿನಿಂದ ರಿಮೋಟು ಬಿಚ್ಚಿ ನನ್ನ ಮುಂದಿಟ್ಟರು.

"ಇದು ನನಗ ಬ್ಯಾಡ ತಂಗಿ. ನಡಕೊಂಡು ಹೋಗಿ ಸ್ಟಾರ್ಟರೇ ಒತ್ತತೀನಿ."

"ಸರಿ ಮಾಡೀವಕ್ಕ. ಈಗ ಹಂಗ ಆಗಾದಿಲ್ಲ."

"ಆಗಾದಿಲ್ಲ, ಗೊತ್ತು. ನನ್ನ ಬೆರಳು ಕೇಳಾದಿಲ್ಲ."

ಸೊಸೆಗೆ ಹೆಣ್ಣು ಕೂಸು ಹುಟ್ಟಿದೆ, ನಾನೇ ನೀರೆರೆಯುತ್ತಿದ್ದೇನೆ ಎಂದರು. ನಳದ ಹತ್ತಿರ ಈಗ ಹೇಗೆ ಎಂದು ಕೇಳಿದೆ.

"ಆತನ ಹೆಂಡ್ತಿ ನಿನ್ನೆ ಬಂದಿದ್ಲು. ಮಾತಾಡಲಿಲ್ಲ. ತನ್ನ ಕೊಡ ಸರಿಸಿ ನನ್ನ ಕೊಡಕ್ಕ ಜಾಗ ಮಾಡಿದ್ಲು. ಮೂರು ಕೊಡ ತುಂಬೋ ತನಕ ನಾವಿಬ್ಬರೂ ಅಲ್ಲೇ ನಿಂತಿದ್ವಿ."

ಮಜ್ಜಿಗೆ ಕೊಟ್ಟೆ. ಕುಡಿದರು. ಹೋಗುವಾಗ, "ನಿನ್ನ ಗಂಡನ್ನ ಮತ್ತ ಕರದಾರೇನು?" ಎಂದರು.

"ನಾಳೆ ಹೋಗಬೇಕು."

"ನಾನೂ ಬರ್ತೀನಿ, ತಾವಾ ಬಂದು ಖರೇ ಹೇಳ್ಯಾರ ಅಂತ ಹೇಳಾಕ," ಎಂದರು. ಕೊನೆಯ ಬಸ್ಸು ತಪ್ಪುತ್ತದೆಂದು ಲಗುಬಗೆಯಿಂದ ನಡೆದರು.

ನಾನು ಒಲೆಯ ಮೇಲೆ ಎಸರಿಟ್ಟೆ. ಮನೆಯವರು ಕೂಡ್ಲಿಗಿಗೆ ಮೊದಲ ಬಸ್ಸಿಗೇ ಹೊರಡಬೇಕಿತ್ತು. ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗೆ ಇರಲಿ, ಅಕ್ಕನೂ ಬರುತ್ತಾರೆ ಎಂದುಕೊಂಡು, ಮೊರದಲ್ಲಿದ್ದ ಜೋಳದ ಹಿಟ್ಟಿಗೆ ಇನ್ನೊಂದು ಬೊಗಸೆ ಹಿಟ್ಟು ಸುರಿದು ಜರಡಿ ಹಿಡಿಯತೊಡಗಿದೆ.